ಆಶ್ರಯಧಾಮದಲ್ಲಿ ಬೇಟೆ: ಒಂದು ಅನುಮತಿ ಪತ್ರದ ಹಿಂದಿನ ವಿಜ್ಞಾನ

ಮೃಗಗಳ ರಕ್ಷಣೆಗೆಂದು ಸರ್ಕಾರವೊಂದು ಸಾವಿರಾರು ಎಕರೆ ನೆಲವನ್ನು ಪ್ರತ್ಯೇಕವಾಗಿ ತೆಗೆದಿರಿಸುತ್ತದೆ. ಅವು ಹೆದ್ದಾರಿಗೆ ಇಳಿಯದಂತೆ ಎತ್ತರವಾದ ಬೇಲಿ ಹಾಕಿಸುತ್ತದೆ. ಹಿಮ ಬಿದ್ದು ಹುಲ್ಲು ಮುಚ್ಚಿಹೋದಾಗ ತಾನೇ ಮೇವನ್ನು ಒದಗಿಸುತ್ತದೆ. ಅದೇ ಸರ್ಕಾರ, ಮೇವು ಹಾಕುವ ಕಾಲಕ್ಕೆ ಕೆಲವು ವಾರಗಳ ಮೊದಲು, ಅದೇ ನೆಲದ ಒಂದು ಭಾಗದಲ್ಲಿ, ಅದೇ ಮೃಗಗಳನ್ನು ಕೊಲ್ಲುವುದಕ್ಕೆ ಬೇಟೆಗಾರರಿಗೆ ಅನುಮತಿ ಪತ್ರಗಳನ್ನು ಹಂಚುತ್ತದೆ. ಕೇಳಿದವರಿಗೆ ಇದು ವಿಪರೀತವಾಗಿ ತೋರುವುದು ಸಹಜವೇ. ಆದರೆ ಆ ಅನುಮತಿ ಪತ್ರದ ನಿಬಂಧನೆಗಳನ್ನು ಒಂದೊಂದಾಗಿ ತೆಗೆದುಕೊಂಡು ‘ಇದು ಏತಕ್ಕೆ?’ ಎಂದು ಕೇಳುತ್ತ ಹೋದರೆ ಗಣಿತ, ಭೌತವಿಜ್ಞಾನ, ಪ್ರಾಣಿವಿಜ್ಞಾನ ಮೂರೂ ಅಲ್ಲಿ ಎದುರಾಗುತ್ತವೆ. ಆ ವಿಚಾರವನ್ನೇ ಈ ಲೇಖನದಲ್ಲಿ ಕೈಗೊಂಡಿದ್ದೇವೆ.

ಸ್ಥಳವೂ ಮೃಗವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳ ವಾಯವ್ಯ ಭಾಗದಲ್ಲಿ ವೈಯೋಮಿಂಗ್ ಎಂಬ ರಾಜ್ಯವಿದೆ. ಅದರ ಪಶ್ಚಿಮದ ಅಂಚಿನಲ್ಲಿ, ಟೀಟಾನ್ ಪರ್ವತಗಳ ಬುಡದಲ್ಲಿ, ಜ್ಯಾಕ್ಸನ್ ಹೋಲ್ ಎಂಬ ವಿಶಾಲವಾದ ಕಣಿವೆಯುಂಟು. ಕಣಿವೆಯೆಂದರೂ ಅದರ ನೆಲ ಸಮುದ್ರ ಮಟ್ಟದಿಂದ ಸುಮಾರು ೧,೯೦೦ ಮೀಟರ್ ಎತ್ತರದಲ್ಲಿದೆ. ಎಂದರೆ ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯ ಶಿಖರದ ಎತ್ತರ. ಜ್ಯಾಕ್ಸನ್ ಪಟ್ಟಣದ ಈಶಾನ್ಯಕ್ಕೆ ಸುಮಾರು ೧೦೦ ಚದರ ಕಿಲೋಮೀಟರ್ ಹರಡಿರುವ ಪ್ರದೇಶವೇ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ. ಅದಕ್ಕೆ ಅಂಟಿಕೊಂಡು ಉತ್ತರದಲ್ಲಿ ಗ್ರ್ಯಾಂಡ್ ಟೀಟಾನ್ ರಾಷ್ಟ್ರೀಯ ಉದ್ಯಾನವೂ, ಇನ್ನೂ ಉತ್ತರಕ್ಕೆ ಸುಪ್ರಸಿದ್ಧವಾದ ಯೆಲ್ಲೋಸ್ಟೋನ್ ಉದ್ಯಾನವೂ ಇವೆ.

ಎಲ್ಕ್ ಜಿಂಕೆಯ ಕುಲಕ್ಕೆ ಸೇರಿದ ಪ್ರಾಣಿ. ನಮ್ಮ ಕಾಡುಗಳ ಕಡವೆಯನ್ನು ಕಂಡವರು ಅದಕ್ಕಿಂತ ದೊಡ್ಡದಾದ, ಕುತ್ತಿಗೆಯ ಸುತ್ತ ಕಪ್ಪು ಕೂದಲಿನ, ಹಿಂಭಾಗ ಬೆಳ್ಳಗಿರುವ ಮೃಗವನ್ನು ಊಹಿಸಿಕೊಂಡರೆ ಸಾಕು. ಅಮೆರಿಕದ ಮೂಲನಿವಾಸಿಗಳಾದ ಶಾನೀ ಜನರ ಭಾಷೆಯಿಂದ ಬಂದ ಇದರ ಇನ್ನೊಂದು ಹೆಸರು ‘ವಾಪಿಟಿ’. ಬಿಳಿಯ ಪೃಷ್ಠವುಳ್ಳದ್ದು ಎಂದು ಅದರ ಅರ್ಥ. ಬೆಳೆದ ಗಂಡು ೩೦೦ ಕಿಲೋಗ್ರಾಂ ತೂಗುತ್ತದೆ. ಅದರ ಕವಲುಗೊಂಬುಗಳು ಪ್ರತಿವರ್ಷವೂ ವಸಂತದಲ್ಲಿ ಉದುರಿ ಹೊಸದಾಗಿ ಬೆಳೆಯುತ್ತವೆ.

ಈ ಮೃಗಗಳು ಬೇಸಗೆಯನ್ನು ಎತ್ತರದ ಬೆಟ್ಟಗಳಲ್ಲಿ ಕಳೆದು, ಹಿಮ ಬೀಳಲಾರಂಭಿಸಿದೊಡನೆ ಗುಂಪುಗುಂಪಾಗಿ ಕಣಿವೆಗೆ ಇಳಿಯುತ್ತವೆ. ಕಣಿವೆಯಲ್ಲೂ ಹಿಮ ಬೀಳುವುದಾದರೂ ಅದು ತೆಳುವು. ಗೊರಸಿನಿಂದ ಕೆರೆದು ಒಣಹುಲ್ಲನ್ನು ಹೊರಕ್ಕೆ ತೆಗೆಯಬಹುದು. ಆದರೆ ಚಳಿಗಾಲದ ನಡುವೆ ಒಂದೆರಡು ದಿನ ಬಿಸಿಲು ಹೆಚ್ಚಿ ಹಿಮದ ಮೇಲ್ಪದರ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿತೆಂದರೆ ಆಪತ್ತು. ಹೊಸ ಹಿಮದಲ್ಲಿ ಗಾಳಿಯ ಪಾಲೇ ಹೆಚ್ಚು. ಅದು ಹತ್ತಿಯಂತೆ ಹಗುರ. ಕರಗಿ ಪುನಃ ಗಟ್ಟಿಯಾದದ್ದು ಮಂಜುಗಡ್ಡೆಯ ಹಲಗೆ. ಅದನ್ನು ಒಡೆಯಲು ವ್ಯಯವಾಗುವ ಶಕ್ತಿ, ಕೆಳಗಿನ ಹುಲ್ಲಿನಿಂದ ದೊರೆಯುವ ಶಕ್ತಿಗಿಂತ ಹೆಚ್ಚಾದ ದಿನದಿಂದ ಮೃಗ ಉಪವಾಸ ಬಿದ್ದಂತೆಯೇ ಸರಿ.

ಆಶ್ರಯಧಾಮ ಹುಟ್ಟಿದ ಬಗೆ

ಯೂರೋಪಿನವರು ಬಂದು ನೆಲಸುವ ಮೊದಲು ಉತ್ತರ ಅಮೆರಿಕದಲ್ಲಿ ಸುಮಾರು ಒಂದು ಕೋಟಿ ಎಲ್ಕ್‌ಗಳಿದ್ದುವೆಂದು ತಜ್ಞರ ಅಂದಾಜು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಉಳಿದದ್ದು ಒಂದು ಲಕ್ಷಕ್ಕಿಂತಲೂ ಕಡಿಮೆ. ಮಾಂಸಕ್ಕಾಗಿ, ಚರ್ಮಕ್ಕಾಗಿ ನಡೆದ ಬೇಟೆಗೆ ಆಗ ಮಿತಿಯಿರಲಿಲ್ಲ. ದಂತದಂತೆ ಹೊಳೆಯುವ ಎರಡು ಕೋರೆಹಲ್ಲುಗಳಿಗಾಗಿ ಮೃಗವನ್ನು ಕೊಂದು ದೇಹವನ್ನು ಕೊಳೆಯಲು ಬಿಟ್ಟುಹೋಗುವವರೂ ಇದ್ದರು. ಆ ಹಲ್ಲುಗಳನ್ನು ಗಡಿಯಾರದ ಸರಪಣಿಗೆ ಪೋಣಿಸಿ ಧರಿಸುವುದು ಅಂದಿನ ಒಂದು ಶೋಕಿ.

ಜ್ಯಾಕ್ಸನ್ ಕಣಿವೆಗೆ ೧೮೮೦ರ ದಶಕದಲ್ಲಿ ಒಕ್ಕಲುಗಳು ಬಂದುವು. ಮೃಗಗಳು ಚಳಿಗಾಲ ಕಳೆಯುತ್ತಿದ್ದ ತಗ್ಗಿನ ಹುಲ್ಲುಗಾವಲುಗಳೇ ದನಗಳ ಸಾಕಣೆಗೆ ಯೋಗ್ಯವಾದುವು. ಅವೇ ಹೊಲಗಳಾದುವು, ಊರಾದುವು. ೧೯೦೮ರಿಂದ ೧೯೧೧ರವರೆಗಿನ ಕ್ರೂರವಾದ ಚಳಿಗಾಲಗಳಲ್ಲಿ ಸಾವಿರಾರು ಎಲ್ಕ್‌ಗಳು ಹಸಿವಿನಿಂದ ಸತ್ತುವು. ಸ್ಟೀಫನ್ ಲೀಕ್ ಎಂಬ ಅಲ್ಲಿಯ ನಿವಾಸಿ ಆ ದೃಶ್ಯಗಳ ಛಾಯಾಚಿತ್ರಗಳನ್ನು ತೆಗೆದು, ದೇಶದ ನಾನಾ ಕಡೆ ಪ್ರದರ್ಶಿಸಿ ಜನರ ಮನಸ್ಸನ್ನು ಕಲಕಿದನು. ೧೯೧೧ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮೇವಿಗಾಗಿ ೨೦,೦೦೦ ಡಾಲರುಗಳನ್ನು ಮಂಜೂರು ಮಾಡಿತು. ೧೯೧೨ರಲ್ಲಿ ಆಶ್ರಯಧಾಮ ಸ್ಥಾಪಿತವಾಯಿತು. ಅಂದಿನಿಂದ ಬೆರಳೆಣಿಕೆಯಷ್ಟು ಚಳಿಗಾಲಗಳನ್ನು ಬಿಟ್ಟರೆ ಮಿಕ್ಕ ಎಲ್ಲ ಚಳಿಗಾಲಗಳಲ್ಲೂ ಅಲ್ಲಿ ಮೃಗಗಳಿಗೆ ಮೇವು ಬಿದ್ದಿದೆ. ಮೊದಲು ಒಣಹುಲ್ಲು ಹಾಕುತ್ತಿದ್ದರು. ೧೯೭೫ರಿಂದ, ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಸೊಪ್ಪನ್ನು ಒಣಗಿಸಿ ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು ಹಾಕುತ್ತ ಬಂದರು.

ಚಕ್ರಬಡ್ಡಿಯ ಲೆಕ್ಕ

ಹಸಿದವರಿಗೆ ಅನ್ನವಿಟ್ಟರೆ ಪುಣ್ಯ. ಆದರೆ ಮೃಗಗಳ ಹಿಂಡಿಗೆ ವರ್ಷವರ್ಷವೂ ಮೇವಿಟ್ಟರೆ ಏನಾಗುತ್ತದೆ? ಒಂದು ಲೆಕ್ಕ ಮಾಡಿ ನೋಡೋಣ. ಹಿಂಡಿನಲ್ಲಿ ೧೧,೦೦೦ ಮೃಗಗಳಿವೆಯೆನ್ನಿ. ಜನನದಿಂದ ಬರುವವುಗಳಲ್ಲಿ ಮರಣದಿಂದ ಹೋಗುವವುಗಳನ್ನು ಕಳೆದರೆ ವರ್ಷಕ್ಕೆ ನೂರಕ್ಕೆ ೧೫ರಂತೆ ಹೆಚ್ಚುತ್ತವೆಯೆಂದು ಭಾವಿಸಿ. ಇದು ಚಕ್ರಬಡ್ಡಿಯ ಲೆಕ್ಕವೇ. ಐದು ವರ್ಷಗಳಲ್ಲಿ ೨೨,೦೦೦, ಹತ್ತು ವರ್ಷಗಳಲ್ಲಿ ೪೪,೦೦೦, ಹದಿನೈದು ವರ್ಷಗಳಲ್ಲಿ ೮೮,೦೦೦ಕ್ಕೂ ಹೆಚ್ಚು! ಸಂಖ್ಯೆ ಹೀಗೆ ಬೆಳೆಯುತ್ತಿದ್ದರೂ ನೆಲ ಬೆಳೆಯುವುದಿಲ್ಲ. ಇನ್ನು ಮೇವಿನ ವಿಚಾರ: ಒಂದು ಮೃಗಕ್ಕೆ ದಿನಕ್ಕೆ ಮೂರೂವರೆ ಕಿಲೋಗ್ರಾಂ ಎಂದಿಟ್ಟುಕೊಂಡರೂ ೫,೦೦೦ ಮೃಗಗಳಿಗೆ ದಿನಕ್ಕೆ ೧೭,೫೦೦ ಕಿಲೋಗ್ರಾಂ ಬೇಕು, ೭೦ ದಿನಗಳಿಗೆ ೧,೨೨೫ ಟನ್ನುಗಳಾದುವು.

ಹಿಂಡು ೧೧,೦೦೦ದಲ್ಲೇ ನಿಲ್ಲಬೇಕಾದರೆ ನಮ್ಮ ಈ ಲೆಕ್ಕದಂತೆ ವರ್ಷಕ್ಕೆ ೧,೬೫೦ ಮೃಗಗಳು ಯಾವುದಾದರೊಂದು ಬಗೆಯಲ್ಲಿ ಕಡಿಮೆಯಾಗಲೇಬೇಕು. ಹಿಂದೆ ಈ ಕೆಲಸವನ್ನು ಹಸಿವು, ತೋಳ, ಕರಡಿಗಳು ಮಾಡುತ್ತಿದ್ದುವು. ಹಸಿವನ್ನು ಮೇವಿನಿಂದ ತಡೆದದ್ದಾಯಿತು. ತೋಳಗಳನ್ನು ಮನುಷ್ಯರು ೧೯೨೦ರ ದಶಕದ ವೇಳೆಗೆ ಯೆಲ್ಲೋಸ್ಟೋನಿನಿಂದ ನಿರ್ಮೂಲ ಮಾಡಿದ್ದರು. ಆ ಜಾಗಕ್ಕೆ ಬಂದು ನಿಂತವನೇ ಅನುಮತಿ ಪತ್ರ ಹಿಡಿದ ಬೇಟೆಗಾರ.

ಬೇಟೆಗಾರರಿಲ್ಲದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ೧೯೬೧-೬೨ರ ಚಳಿಗಾಲದಲ್ಲಿ ಉದ್ಯಾನದ ಸಿಬ್ಬಂದಿಯೇ ೪,೦೦೦ಕ್ಕೂ ಹೆಚ್ಚು ಎಲ್ಕ್‌ಗಳನ್ನು ಗುಂಡಿಟ್ಟು ಕೊಂದಾಗ ದೇಶದಲ್ಲೆಲ್ಲ ಕೋಲಾಹಲವಾಯಿತು. ಅದರ ಫಲವಾಗಿ ನೇಮಕವಾದ, ಪ್ರಾಣಿವಿಜ್ಞಾನಿ ಸ್ಟಾರ್ಕರ್ ಲಿಯೊಪೋಲ್ಡರ ನೇತೃತ್ವದ ಸಮಿತಿ ೧೯೬೩ರಲ್ಲಿ ಪ್ರಖ್ಯಾತವಾದ ವರದಿಯನ್ನು ಒಪ್ಪಿಸಿತು. ೧೯೯೫ ಮತ್ತು ೧೯೯೬ರಲ್ಲಿ ಕೆನಡಾದಿಂದ ೩೧ ತೋಳಗಳನ್ನು ತಂದು ಯೆಲ್ಲೋಸ್ಟೋನಿನಲ್ಲಿ ಬಿಟ್ಟ ಮೇಲೆ ಅವುಗಳ ಸಂತತಿ ಜ್ಯಾಕ್ಸನ್ ಕಣಿವೆಗೂ ಹಬ್ಬಿತು. ಆದರೆ ಮೇವು ಹಾಕುವ ಕಡೆ ತೋಳವೊಂದರಿಂದಲೇ ಸಂಖ್ಯೆ ಇಳಿಯುವುದೆಂದು ಯಾರೂ ನಂಬಿ ಕುಳಿತಿಲ್ಲ.

ಒಂದು ಮೃಗಕ್ಕೆ ಎರಡು ಪತ್ರ

ಈಗ ಅನುಮತಿಯ ವಿಚಾರಕ್ಕೆ ಬರೋಣ. ಆಶ್ರಯಧಾಮದಲ್ಲಿ ಬೇಟೆಯಾಡಬೇಕೆನ್ನುವವನಿಗೆ ಎರಡು ಪತ್ರಗಳು ಬೇಕು. ಮೊದಲನೆಯದು ವೈಯೋಮಿಂಗ್ ರಾಜ್ಯ ಕೊಡುವ ಎಲ್ಕ್ ಬೇಟೆಯ ಪರವಾನಗಿ. ಎರಡನೆಯದು ಆಶ್ರಯಧಾಮದ ಅನುಮತಿ ಪತ್ರ. ಅಮೆರಿಕದ ಕಾನೂನಿನಂತೆ ಕಾಡುಮೃಗ ಯಾವ ಖಾಸಗಿಯವನ ಸ್ವತ್ತೂ ಅಲ್ಲ. ಜನರ ಪರವಾಗಿ ರಾಜ್ಯ ಅದರ ಪಾಲಕ. ಆದರೆ ಆಶ್ರಯಧಾಮದ ನೆಲ ಒಕ್ಕೂಟ ಸರ್ಕಾರಕ್ಕೆ ಸೇರಿದ್ದು. ಆದ್ದರಿಂದ ಮೃಗಕ್ಕೊಂದು ಪತ್ರ, ನೆಲಕ್ಕೊಂದು ಪತ್ರ. ೧೯೬೬ರ ಮತ್ತು ೧೯೯೭ರ ಶಾಸನಗಳ ಪ್ರಕಾರ ಇಂಥ ಆಶ್ರಯಧಾಮಗಳಲ್ಲಿ ಬೇಟೆಗೆ ಅವಕಾಶವಿರಬೇಕಾದರೆ ಅದು ಆ ಧಾಮದ ಮೂಲ ಉದ್ದೇಶಕ್ಕೆ ಬಾಧಕವಲ್ಲವೆಂದು ಮೊದಲು ನಿರ್ಣಯವಾಗಬೇಕು.

ಪಕ್ಕದ ಗ್ರ್ಯಾಂಡ್ ಟೀಟಾನ್ ಉದ್ಯಾನದಲ್ಲಿ ಇನ್ನೂ ಸೋಜಿಗದ ಏರ್ಪಾಡಿದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಬೇಟೆ ನಿಷಿದ್ಧ. ಆದರೂ ಇದೇ ಹಿಂಡು ಅದರ ಮೂಲಕವೇ ಹಾದುಬರುವುದರಿಂದ, ೧೯೫೦ರ ಶಾಸನವು ಅಗತ್ಯವಾದಾಗ ಪರವಾನಗಿ ಪಡೆದ ಬೇಟೆಗಾರರನ್ನು ತಾತ್ಕಾಲಿಕವಾಗಿ ಉದ್ಯಾನದ ರಕ್ಷಕರನ್ನಾಗಿ ನೇಮಿಸಲು ಅವಕಾಶವಿತ್ತಿತು. ಆ ಕೆಲಸಕ್ಕೆ ಅಲ್ಲಿ ‘ಬೇಟೆ’ ಎಂಬ ಹೆಸರಿಲ್ಲ. ‘ಎಲ್ಕ್ ಸಂಖ್ಯೆ ಇಳಿಸುವ ಕಾರ್ಯಕ್ರಮ’ ಎಂದು ಹೆಸರು.

ಅನುಮತಿ ಎಲ್ಲರಿಗೂ ಸಿಕ್ಕುವುದಿಲ್ಲ. ಸಂಖ್ಯೆಗೆ ಮಿತಿಯಿರುವುದರಿಂದ ಅರ್ಜಿದಾರರ ಹೆಸರುಗಳಲ್ಲಿ ಚೀಟಿ ಎತ್ತಿದಂತೆ ಆಯ್ಕೆ ನಡೆಯುತ್ತದೆ. ಸಿರಿವಂತನಿಗೂ ಬಡವನಿಗೂ ಸಂಭವನೀಯತೆ ಒಂದೇ. ಹಿಂಡಿನ ಗಾತ್ರವನ್ನು ಪ್ರತಿ ಚಳಿಗಾಲದಲ್ಲೂ ವಿಮಾನದಿಂದಲೂ ನೆಲದಿಂದಲೂ ಎಣಿಸಿ, ಮುಂದಿನ ವರ್ಷದ ಪರವಾನಗಿಗಳನ್ನು ಗೊತ್ತುಮಾಡುತ್ತಾರೆ. ೨೦೦೭ರ ಯೋಜನೆ ಇಡೀ ಜ್ಯಾಕ್ಸನ್ ಹಿಂಡಿಗೆ ೧೧,೦೦೦ವನ್ನೂ, ಆಶ್ರಯಧಾಮದಲ್ಲಿ ಚಳಿಗಾಲ ಕಳೆಯುವ ಎಲ್ಕ್‌ಗಳಿಗೆ ೫,೦೦೦ವನ್ನೂ ಗುರಿಯಾಗಿ ಇಟ್ಟುಕೊಂಡಿತು.

ನಿಬಂಧನೆಗಳ ಹಿಂದಿನ ಕಾರಣಗಳು

ಮೊದಲನೆಯದಾಗಿ, ಪರವಾನಗಿಗಳಲ್ಲಿ ‘ಕೊಂಬಿಲ್ಲದ ಮೃಗ ಮಾತ್ರ’ ಎಂಬ ಬಗೆಯೊಂದಿದೆ. ದೊಡ್ಡ ಕೊಂಬಿನ ಗಂಡೇ ಬೇಟೆಗಾರನ ಆಸೆ. ಆದರೆ ಒಂದು ಗಂಡು ಅನೇಕ ಹೆಣ್ಣುಗಳೊಡನೆ ಕೂಡುವ ಜಾತಿಯಿದು. ನೂರು ಹೆಣ್ಣುಗಳ ಜೊತೆಗೆ ನಲವತ್ತು ಗಂಡುಗಳಿದ್ದರೂ ಇಪ್ಪತ್ತಿದ್ದರೂ ಹುಟ್ಟುವ ಮರಿಗಳ ಸಂಖ್ಯೆಯಲ್ಲಿ ಹೆಚ್ಚು ವ್ಯತ್ಯಾಸವಾಗದು. ಹೆಣ್ಣುಗಳು ಎಪ್ಪತ್ತಾದರೆ ಮರಿಗಳು ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಚಕ್ರಬಡ್ಡಿಯ ದರವನ್ನು ತಗ್ಗಿಸಬೇಕಾದವರು ಗೋಡೆಗೆ ತೂಗುಹಾಕುವ ಕೊಂಬನ್ನು ಮರೆಯಬೇಕಾಗುತ್ತದೆ.

ಎರಡನೆಯದು ಕಾಲ. ಬೇಟೆ ನಡೆಯುವುದು ಶರತ್ಕಾಲದಿಂದ ಚಳಿಗಾಲದ ಮೊದಲ ವಾರಗಳವರೆಗೆ. ಆಗ ಬೆದೆಯ ಕಾಲ ಮುಗಿದಿರುತ್ತದೆ. ಹಿಂಡು ಬೆಟ್ಟದಿಂದ ಇಳಿಯುತ್ತಿರುತ್ತದೆ. ಮೈಯಲ್ಲಿ ಕೊಬ್ಬು ತುಂಬಿರುತ್ತದೆ. ನಡುಚಳಿಗಾಲದಲ್ಲಿ ಬೆದರಿಸಿ ಓಡಿಸಿದರೆ ಗುಂಡು ತಗುಲದ ಮೃಗವೂ ಕೂಡಿಟ್ಟ ಶಕ್ತಿಯನ್ನು ಕಳೆದುಕೊಂಡು ವಸಂತದ ಮೊದಲೇ ಸಾಯಬಹುದು.

ಮೂರನೆಯದು ಬಣ್ಣ. ವೈಯೋಮಿಂಗಿನಲ್ಲಿ ಬಂದೂಕಿನಿಂದ ಎಲ್ಕ್ ಬೇಟೆಯಾಡುವವನು ಟೊಪ್ಪಿಗೆಯನ್ನೋ ಮೇಲಂಗಿಯನ್ನೋ ಪ್ರತಿದೀಪ್ತಿಯುಳ್ಳ ಕಿತ್ತಳೆ ಅಥವಾ ಗುಲಾಬಿ ಬಣ್ಣದ್ದಾಗಿ ಧರಿಸಬೇಕು. ಸಾಮಾನ್ಯವಾದ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಒಂದಂಶವನ್ನು ಪ್ರತಿಫಲಿಸುತ್ತದೆ, ಅಷ್ಟೆ. ಪ್ರತಿದೀಪ್ತಿಯ ಬಣ್ಣವಾದರೋ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನೂ ನೀಲಿಯನ್ನೂ ಹೀರಿ, ಆ ಶಕ್ತಿಯನ್ನು ಕಿತ್ತಳೆಯ ಬೆಳಕಾಗಿ ಹೊರಕ್ಕೆ ಬಿಡುತ್ತದೆ. ಆದ್ದರಿಂದ ಮುಸ್ಸಂಜೆಯಲ್ಲೂ ಅದು ಉರಿಯುವಂತೆ ಕಾಣುತ್ತದೆ. ಹಾಗಾದರೆ ಎಲ್ಕ್‌ಗೂ ಕಾಣುವುದಿಲ್ಲವೆ? ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರು ವಿಧ. ಜಿಂಕೆಯ ಕುಲದವಕ್ಕೆ ಎರಡೇ. ಕೆಂಪಿನ ಕಡೆಯ ಬಣ್ಣಗಳನ್ನು ಹಸುರಿನಿಂದ ಬೇರ್ಪಡಿಸಿ ನೋಡುವ ಶಕ್ತಿ ಅವಕ್ಕಿಲ್ಲ. ಒಬ್ಬ ಬೇಟೆಗಾರ ಇನ್ನೊಬ್ಬನಿಗೆ ಎದ್ದು ಕಾಣಬೇಕು, ಮೃಗಕ್ಕೆ ಕಾಣಬಾರದು ಎಂಬ ಎರಡು ಬೇಡಿಕೆಗಳನ್ನೂ ಒಂದೇ ಬಟ್ಟೆ ಪೂರೈಸುತ್ತದೆ.

ನಾಲ್ಕನೆಯದು ಗುಂಡು. ಗ್ರ್ಯಾಂಡ್ ಟೀಟಾನಿನಲ್ಲಿ ಸೀಸದ ಗುಂಡನ್ನು ಬಳಸುವಂತಿಲ್ಲ. ೧೧ ಗ್ರಾಂ ತೂಕದ ಗುಂಡು ಸೆಕೆಂಡಿಗೆ ೮೫೦ ಮೀಟರ್ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು ೪,೦೦೦ ಜೌಲ್. ಎಂದರೆ ಒಂದು ಕ್ವಿಂಟಾಲ್ ಭಾರವನ್ನು ನಾಲ್ಕು ಮೀಟರ್ ಎತ್ತುವಷ್ಟು. ಇಷ್ಟು ಶಕ್ತಿ ಹಿಡಿಯಷ್ಟು ಜಾಗದಲ್ಲಿ ವ್ಯಯವಾಗುವಾಗ ಮೃದುವಾದ ಸೀಸ ನೂರಾರು ಚೂರುಗಳಾಗಿ ಮಾಂಸದಲ್ಲಿ ಸಿಡಿದು ಹರಡುತ್ತದೆ. ಬೇಟೆಗಾರ ಕಾಡಿನಲ್ಲೇ ಬಿಟ್ಟುಹೋದ ಕರುಳು ಮೊದಲಾದುವನ್ನು ತಿನ್ನುವ ಹದ್ದುಗಳ, ರೇವನ್ ಎಂಬ ದೊಡ್ಡ ಕಾಗೆಗಳ ಹೊಟ್ಟೆಗೆ ಆ ಚೂರುಗಳು ಸೇರಿ, ಜಠರದ ಆಮ್ಲದಲ್ಲಿ ಕರಗಿ ವಿಷವಾಗುತ್ತವೆ. ಜ್ಯಾಕ್ಸನ್ ಕಣಿವೆಯ ರೇವನ್‌ಗಳ ರಕ್ತವನ್ನು ಪರೀಕ್ಷಿಸಿದಾಗ ಬೇಟೆಯ ತಿಂಗಳುಗಳಲ್ಲಿ ಸೀಸದ ಅಂಶ ಏರುವುದು ಕಂಡುಬಂದಿತು. ತಾಮ್ರದ ಗುಂಡು ಅರಳುತ್ತದೆಯೇ ಹೊರತು ಹಾಗೆ ಪುಡಿಯಾಗುವುದಿಲ್ಲ.

ಐದನೆಯದು ಕರಡಿ. ಸತ್ತ ಮೃಗದ ವಾಸನೆ ಹಿಡಿದು ಗ್ರಿಜ್ಲಿ ಕರಡಿಗಳು ಬರುತ್ತವೆ. ೨೦೧೨ರ ನವೆಂಬರಿನಲ್ಲಿ ಉದ್ಯಾನದೊಳಗೆ ಬೇಟೆಗಾರರಿಗೆ ಎದುರಾದ ಒಂದು ಗಂಡು ಕರಡಿ ಗುಂಡಿಗೆ ಬಲಿಯಾಯಿತು. ಉದ್ಯಾನದ ಪ್ರತಿಯೊಬ್ಬ ಬೇಟೆಗಾರನೂ ಕರಡಿಯ ಮುಖಕ್ಕೆ ಚಿಮುಕಿಸುವ ಖಾರದ ಡಬ್ಬಿಯನ್ನು ಕೈಗೆಟಕುವಂತೆ ಇಟ್ಟುಕೊಂಡಿರಬೇಕು. ಅದರಲ್ಲಿರುವುದು ನಮ್ಮ ಅಡುಗೆಮನೆಯ ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತುವೇ. ಇದರ ಜೊತೆಗೆ, ೧೯೬೬ರ ಜನವರಿ ೧ರಂದು ಅಥವಾ ಅನಂತರ ಹುಟ್ಟಿದವರು ಬೇಟೆಯ ಶಿಕ್ಷಣ ಪಡೆದಿರಬೇಕೆಂದು ವೈಯೋಮಿಂಗ್ ರಾಜ್ಯದ ವಿಧಿ. ಉದ್ಯಾನದಲ್ಲಿ ಮಾತ್ರ ವಯಸ್ಸಿನ ಭೇದವಿಲ್ಲದೆ ಎಲ್ಲರೂ ಆ ಶಿಕ್ಷಣದ ಪತ್ರವನ್ನು ತೋರಿಸಬೇಕು. ಎಲ್ಕ್‌ನ ಕೂಗನ್ನು ಅನುಕರಿಸುವ ಪೀಪಿಗಳಿಗೂ ಅಲ್ಲಿ ನಿಷೇಧವಿದೆ.

ಮೇವಿನಿಂದ ಬಂದ ಕೇಡು

ಇಷ್ಟೆಲ್ಲ ಎಚ್ಚರಿಕೆಯಿಂದ ಕಟ್ಟಿದ ಏರ್ಪಾಡಿಗೆ ಒಂದು ಹೊಸ ಆಪತ್ತು ಬಂದೊದಗಿದೆ. ಕಾಡಿನಲ್ಲಿ ಚದರಿಹೋಗುತ್ತಿದ್ದ ಮೃಗಗಳು ಮೇವಿನ ಸಾಲಿನಲ್ಲಿ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತವೆ. ಪಾತ್ರೆಯಲ್ಲಿಟ್ಟ ಅನಿಲದ ಅಣುಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ಡಿಕ್ಕಿಗಳು ಎಷ್ಟು ಬೇಗ ಹೆಚ್ಚುತ್ತವೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಹಾಗೆಯೇ. ಹತ್ತು ಮೃಗಗಳಲ್ಲಿ ೪೫ ಜೋಡಿಗಳು ಸಾಧ್ಯ. ನೂರು ಮೃಗಗಳಲ್ಲಿ ೪,೯೫೦. ಮೃಗಗಳು ಹತ್ತು ಮಡಿಯಾದರೆ ರೋಗ ದಾಟುವ ದಾರಿಗಳು ನೂರು ಮಡಿಗೂ ಮೀರುತ್ತವೆ. ದನಗಳು ಕಂದು ಹಾಕುವ ರೋಗವೆಂದು ನಮ್ಮಲ್ಲಿ ಹೇಳುವ ಬ್ರುಸೆಲ್ಲೋಸಿಸ್ ಈ ಹಿಂಡುಗಳಲ್ಲಿ ಬಹುಕಾಲದಿಂದ ನೆಲಸಿದೆ.

ಅದಕ್ಕಿಂತ ಭಯಂಕರವಾದದ್ದು ದೀರ್ಘಕಾಲಿಕ ಕ್ಷಯಿಸುವಿಕೆಯ ರೋಗ. ಇದನ್ನು ೧೯೬೭ರಲ್ಲಿ ಕೊಲೊರಾಡೊದಲ್ಲಿ ಮೊದಲು ಗುರುತಿಸಿದರು. ಇದಕ್ಕೆ ಕಾರಣ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು. ಪ್ರಿಯಾನ್ ಎಂಬ ಈ ಪ್ರೋಟೀನು ತನ್ನ ಸಂಪರ್ಕಕ್ಕೆ ಬಂದ ಸರಿಯಾದ ಪ್ರೋಟೀನುಗಳ ಮಡಿಕೆಯನ್ನೂ ಕೆಡಿಸುತ್ತ ಮೆದುಳನ್ನು ಹಾಳುಮಾಡುತ್ತದೆ. ಮೃಗ ಸೊರಗಿ ಸಾಯುತ್ತದೆ. ಇದಕ್ಕೆ ಲಸಿಕೆಯಿಲ್ಲ, ಚಿಕಿತ್ಸೆಯಿಲ್ಲ. ಪ್ರಿಯಾನು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗ್ರ್ಯಾಂಡ್ ಟೀಟಾನ್ ಉದ್ಯಾನದ ಎಲ್ಕ್ ಒಂದರಲ್ಲಿ ಈ ರೋಗ ೨೦೨೦ರಲ್ಲಿ ಪತ್ತೆಯಾಯಿತು. ಪತ್ತೆಯಾದದ್ದು ಬೇಟೆಗಾರನೊಬ್ಬ ಕೊಂದ ಮೃಗದ ಮಾದರಿಯಿಂದಲೇ. ಅಲ್ಲಿಗೆ ಬೇಟೆಗಾರ, ತಿಳಿದೋ ತಿಳಿಯದೆಯೋ, ರೋಗಪರೀಕ್ಷೆಯ ಒಂದು ಅಂಗವೂ ಆದಂತಾಯಿತು. ಬೇಟೆಯಾಡಿದ ಮೃಗದ ತಲೆಯನ್ನೂ ಬೆನ್ನೆಲುಬನ್ನೂ ದೂರ ಸಾಗಿಸುವುದಕ್ಕೆ ನಿರ್ಬಂಧಗಳಿರುವುದೂ ಈ ಕಾರಣದಿಂದಲೇ.

ಹಾಗಾದರೆ ಮೇವನ್ನು ನಿಲ್ಲಿಸಿಬಿಡಬಾರದೆ? ನಿಲ್ಲಿಸಿದರೆ ಹಸಿದ ಹಿಂಡು ರೈತರ ಹುಲ್ಲಿನ ಬಣವೆಗಳಿಗೆ ನುಗ್ಗುತ್ತದೆ. ದನಗಳಿಗೆ ರೋಗ ಅಂಟಿಸುತ್ತದೆ. ಕಠಿಣವಾದ ಚಳಿಗಾಲ ಬಂದರೆ ಲೀಕ್ ಚಿತ್ರಿಸಿದ ದೃಶ್ಯಗಳೇ ಮರುಕಳಿಸುತ್ತವೆ. ಮುಂದುವರಿಸಿದರೆ ರೋಗದ ಮಣ್ಣಿನ ಮೇಲೆಯೇ ಊಟ ಬಡಿಸಿದಂತೆ. ೨೦೧೯ರ ಡಿಸೆಂಬರಿನಲ್ಲಿ ಅಧಿಕಾರಿಗಳು ಮೇವಿನ ಅವಲಂಬನೆಯನ್ನು ಹಂತಹಂತವಾಗಿ ಇಳಿಸುವ ಯೋಜನೆಯೊಂದನ್ನು ಪ್ರಕಟಿಸಿದರು. ಅದು ಸಾಧ್ಯವಾಗಬೇಕಾದರೆ ಹಿಂಡು ನೆಲ ತಾಳುವಷ್ಟಕ್ಕೆ ಮೊದಲು ಇಳಿಯಬೇಕು. ಅದನ್ನು ಇಳಿಸುವ ಸಾಧನಗಳಲ್ಲಿ ಮುಖ್ಯವಾದದ್ದು ಮತ್ತೆ ಅದೇ ಅನುಮತಿ ಪತ್ರ.

ಭಾರತದಲ್ಲಿ ನಾವು ಬೇರೆ ದಾರಿಯನ್ನು ಹಿಡಿದಿದ್ದೇವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ ೧೯೯೧ರಲ್ಲಿ ಆದ ತಿದ್ದುಪಡಿಯ ಅನಂತರ ಪರವಾನಗಿ ಪಡೆದು ಮೋಜಿಗಾಗಿ ಬೇಟೆಯಾಡುವುದು ಇಲ್ಲಿ ಇಲ್ಲವಾಯಿತು. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ ಇಂದು ಹುಲಿ, ಚಿರತೆ, ಕಾಡುನಾಯಿಗಳು ಕಡವೆಗಳನ್ನು ಹಿಡಿದು ತಿನ್ನುತ್ತವೆ. ಅಲ್ಲಿ ಹಿಮವಿಲ್ಲ, ಕಡವೆಗಳಿಗೆ ಚಳಿಗಾಲದ ಮೇವು ಹಾಕುವ ಪ್ರಶ್ನೆಯೂ ಇಲ್ಲ. ಆದ್ದರಿಂದ ಒಂದು ದೇಶದ ವಿಧಿಯನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಿ ಯಾವುದು ಲೇಸೆಂದು ತೀರ್ಪು ಕೊಡುವುದು ಸರಿಯಾಗದು.

ಜ್ಯಾಕ್ಸನ್ ಕಣಿವೆಯ ಕಥೆಯಿಂದ ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಷ್ಟು. ೧೯೧೧ರಲ್ಲಿ ಮೇವು ಹಾಕಿದವರ ಕರುಣೆ ಸಾಚಾ ಕರುಣೆಯೇ. ಅದಿಲ್ಲದಿದ್ದರೆ ಆ ಹಿಂಡು ಇಂದು ಉಳಿದಿರುತ್ತಿತ್ತೆಂದು ಹೇಳುವಂತಿಲ್ಲ. ಆದರೆ ಸಮತೋಲನದಲ್ಲಿದ್ದ ತಕ್ಕಡಿಯ ಒಂದು ತಟ್ಟೆಗೆ ಮೇವನ್ನು ಹಾಕಿದ ದಿನವೇ ಇನ್ನೊಂದು ತಟ್ಟೆಯ ಹೊಣೆಯೂ ಮನುಷ್ಯನ ಮೇಲೆ ಬಿದ್ದಿತು. ಪ್ರತಿ ಚಳಿಗಾಲದ ಎಣಿಕೆ, ಪ್ರತಿ ವರ್ಷದ ಪರವಾನಗಿಗಳ ಸಂಖ್ಯೆ, ಗುಂಡಿನ ಲೋಹ, ಬಟ್ಟೆಯ ಬಣ್ಣ, ಇವೆಲ್ಲ ಆ ಹೊಣೆಯ ಲೆಕ್ಕಪತ್ರಗಳು. ಮುಂದಿನ ಕೆಲವು ಚಳಿಗಾಲಗಳಲ್ಲಿ ಆ ಕಣಿವೆಯಲ್ಲಿ ಎಷ್ಟು ಎಲ್ಕ್‌ಗಳು ಎಣಿಕೆಗೆ ಸಿಕ್ಕುತ್ತವೆ, ಅವುಗಳಲ್ಲಿ ಎಷ್ಟು ರೋಗಗ್ರಸ್ತವಾಗಿರುತ್ತವೆ ಎಂಬ ಎರಡು ಅಂಕೆಗಳನ್ನು ವಾಚಕರು ಗಮನಿಸುತ್ತಿರಬೇಕೆಂದು ನಮ್ಮ ಸೂಚನೆ.